ಈಜುಕೊಳದ ನೀರು ಎಲ್ಲಿ ಬಿಡಬೇಕು?

ಹೆದರುವುದಕ್ಕೂ ಒಂದು ಅಂತಸ್ತು ಇರುತ್ತದೆ ಎಂಬುದು ನನಗೆ ತಡವಾಗಿ ತಿಳಿಯಿತು. ಹಾವಿಗೆ ಹೆದರಿದೆ ಎಂದರೆ ಜನ ಕುರ್ಚಿ ಹತ್ತಿರ ಎಳೆದುಕೊಂಡು ಕೇಳುತ್ತಾರೆ. ಇನ್‌ಕಮ್ ಟ್ಯಾಕ್ಸಿನವರಿಗೆ ಹೆದರುತ್ತೇನೆ ಎಂದರೆ ಗೌರವ ಇನ್ನೂ ಹೆಚ್ಚುತ್ತದೆ. ಇವನ ಹತ್ತಿರ ಏನೋ ಇದೆ ಎಂದು ಅರ್ಥ. ಹೆಂಡತಿಗೆ ಹೆದರುತ್ತೇನೆ ಎಂದುಬಿಟ್ಟರಂತೂ ಇಡೀ ಬಜಾರವೇ ನಮ್ಮ ಪಕ್ಷ. ಆದರೆ ನಾನು ಹೆದರುವುದು ನಮ್ಮ ಮನೆಯ ಹಿತ್ತಲಲ್ಲಿರುವ ಈಜುಕೊಳಕ್ಕೆ. ಇದನ್ನು ಗಡಿಯಾಚೆಯ ಮಹಾರಾಷ್ಟ್ರದ ನಮ್ಮ ಉಮರ್ಗಾದಲ್ಲಿ ಯಾರ ಮುಂದೆ ಹೇಳಿಕೊಂಡರೂ ಸಹಾನುಭೂತಿ ಹುಟ್ಟುವುದಿಲ್ಲ. “ಏನ್ರೀ, ನಿಮ್ಮನ್ಯಾಗ ಸ್ವಿಮಿಂಗ್ ಪೂಲ್ ಅದ?” ಎಂದು ಮೊದಲು ಹುಬ್ಬು ಮೇಲೆ ಹೋಗುತ್ತದೆ. ಆಮೇಲೆ ನನ್ನ ಭಯದ ಮಾತು ಅಲ್ಲಿಗೇ ಮುಗಿದು, ಮನೆಯ ಸೈಜು, ಬೋರ್‌ವೆಲ್ಲಿನ ಆಳ ಇವುಗಳ ಚರ್ಚೆ ಶುರುವಾಗುತ್ತದೆ. ಅದಕ್ಕೇ ಈಗ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ. ನೀವು ಓದುವವರು, ನಡುವೆ ಬಾಯಿ ಹಾಕುವುದಿಲ್ಲ.

ಈ ಕೊಳ ಶ್ರೀಮಂತಿಕೆಯ ಲಕ್ಷಣ ಎಂದು ಯಾರೂ ತಪ್ಪು ತಿಳಿಯಬೇಡಿ, ಅದು ಮೊಣಕಾಲು ನೋವಿನ ಲಕ್ಷಣ. ನನ್ನ ಹೆಂಡತಿ ಸುನಂದಾಳಿಗೆ ಮೊಣಕಾಲು ಹಿಡಿದುಕೊಂಡು ಮೂರು ಮೆಟ್ಟಿಲು ಹತ್ತುವುದೂ ದುಸ್ತರವಾಗಿತ್ತು. ಸೊಲ್ಲಾಪುರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ದಿನಾ ನೀರಿನಲ್ಲಿ ನಡೆಯಬೇಕು, ನೀರು ಸೊಂಟದ ಮಟ್ಟಕ್ಕೆ ಇರಬೇಕು ಎಂದು ಬರೆದುಕೊಟ್ಟರು. ನಮ್ಮ ಸೀಮೆಯಲ್ಲಿ ನೀರಿನಲ್ಲಿ ನಡೆಯಬೇಕೆಂದರೆ ಮೊದಲು ನೀರು ಬೇಕು ಎಂಬುದು ಆ ಮಹರಾಯರಿಗೆ ಹೊಳೆದಿರಲಿಲ್ಲ. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಜೊತೆಗೆ ಬಂದಿದ್ದ ಮಹಾಲಿಂಗ ಮಾತು ಹಿಡಿದುಕೊಂಡ. ಮಹಾಲಿಂಗ ಸುನಂದಾಳ ತಮ್ಮ, ಸೊಲ್ಲಾಪುರದಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರ. ಗಡಿಯ ಮರಾಠಿ ರೂಢಿಯಂತೆ ಅಕ್ಕನ ಗಂಡನಾದ ನನ್ನನ್ನು ದಾಜೀ ಎನ್ನುತ್ತಾನೆ. “ಅಕ್ಕಾ, ಇದೇನ್ ದೊಡ್ಡ ಗೋಷ್ಟಿ ಅಲ್ಲ. ಹಿತ್ತಲದಾಗ ಒಂದ್ ನೀರಿನ ಹೌದ ಕಟ್ಟಿಬಿಡೂಣು. ದಾಜೀ, ನೀವ್ ಬರೀ ಹೂಂ ಅನ್ರಿ, ಮುಂದಿಂದ ನಾ ನೋಡ್ತೀನಿ” ಎಂದ. ನಾನು ಹೂಂ ಎಂದೆ. ನಮ್ಮ ಮನೆಯಲ್ಲಿ ನಡೆದಿರುವ ಕಟ್ಟಡಗಳೆಲ್ಲ ಈ ಒಂದು ಅಕ್ಷರದ ಮೇಲೆಯೇ ನಿಂತಿವೆ.

ಹೀಗೆ ಗುಂಜೋಟಿ ರಸ್ತೆಯ ನಮ್ಮ ಹೊಸ ಮನೆಯ ಹಿಂದೆ, ಹೊಲದ ಅಂಚಿಗೆ, ನೀಲಿ ಟೈಲ್ಸಿನ ಕೊಳವೊಂದು ಬಂತು. ಒಂದು ಬದಿಗೆ ಸೊಂಟದ ಆಳ, ಇಳಿಯಲು ಅಗಲ ಮೆಟ್ಟಿಲು, ಹಿಡಿಯಲು ಸ್ಟೀಲಿನ ಸರಳು. ಇನ್ನೊಂದು ಬದಿಗೆ ಆಳು ಮುಳುಗುವ ಆಳ. ಆ ಆಳ ಯಾಕಪ್ಪಾ, ಆಕೆ ನಡೆಯುವುದು ಈ ಕಡೆಗಲ್ಲವೇ ಎಂದು ಕೇಳಿದ್ದಕ್ಕೆ ಮಹಾಲಿಂಗ, “ಪೂಲ್ ಅಂದ ಮ್ಯಾಲ ಅಷ್ಟರ ಇರಬೇಕ್ರೀ ದಾಜೀ, ಜನಾ ನಗ್ತಾರ” ಎಂದ. ಮಳೆಗಾಲದಲ್ಲಿ ನಮ್ಮ ಬಾವಿ ತುಂಬಿದಾಗ ಕೊಳ ತುಂಬಿಸಿದೆವು. ಸುನಂದಾ ಮೊದಲ ದಿನ ಸೀರೆಯಲ್ಲೇ ಇಳಿದಳು. ಸೀರೆ ಗಾಳಿ ಹಿಡಿದು ಸುತ್ತಲೂ ಅರಳಿ ನಿಂತಿತು. ಆಕೆ ಅದನ್ನು ಒತ್ತಿ ಒತ್ತಿ ಕೂಡಿಸುವುದರಲ್ಲೇ ಅಂದಿನ ವ್ಯಾಯಾಮ ಮುಗಿಯಿತು. ಮರುದಿನದಿಂದ ಪಂಜಾಬಿ ಡ್ರೆಸ್ಸು. ಮೇಲೆ ಕಟ್ಟೆಯಲ್ಲಿ ಕುಳಿತ ನಮ್ಮ ಅವ್ವ, “ಎಮ್ಮಿ ಹಳ್ಳಕ್ಕ ಇಳಿದಂಗ ಇಳೀತಾಳ ನೋಡು ನನ್ನ ಸೊಸಿ” ಎಂದು ಹರ್ಷ ಪಡುತ್ತಿದ್ದಳು. ಸೊಸೆಯೇನೂ ಸುಮ್ಮನಿರುವವಳಲ್ಲ. “ನೀವೂ ಬರ್ರಿ ಅತ್ತಿ, ಜೋಡಿ ಆಗ್ತದ” ಎನ್ನುತ್ತಿದ್ದಳು. ಸುಳ್ಳೇಕೆ ಹೇಳಲಿ, ಆಕೆಯ ಮೊಣಕಾಲು ನಿಜವಾಗಿಯೂ ಗುಣವಾಯಿತು.

ಕೊಳ ಕಟ್ಟುವುದು ಒಂದು ಸಲದ ಕೆಲಸ, ಅದನ್ನು ಸಾಕುವುದು ದಿನದ ಕೆಲಸ. ಸಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನೋ ಮೊಣಕಾಲಿಗಿಂತ ಮೇಲೆ ನೀರು ಕಂಡವನಲ್ಲ. ಹುಡುಗರಾಗಿದ್ದಾಗ ಗೆಳೆಯರೆಲ್ಲ ಬಾವಿಗೆ ಧುಮುಕಿ ಈಜು ಕಲಿಯುತ್ತಿದ್ದರೆ ನಾನು ದಂಡೆಯ ಮೇಲೆ ಕುಳಿತು ಅವರ ಬಟ್ಟೆ ಕಾಯುತ್ತಿದ್ದೆ. ಮುಂದೆ ನಾನು ಬಟ್ಟೆ ಅಂಗಡಿ ಹಾಕಿದ್ದಕ್ಕೆ ಬಹುಶಃ ಅದೇ ಕಾರಣ. ಅಂಥವನು ಬೆಳಗಾದರೆ ಉದ್ದ ಕೋಲಿನ ಬಲೆ ಹಿಡಿದು ಕೊಳದ ಅಂಚಿನಲ್ಲಿ ನಿಂತು ಬೇವಿನ ಎಲೆ ಎತ್ತಬೇಕು. ಬ್ಲೀಚಿಂಗ್ ಪೌಡರ್ ಕಲಸಿ ಸುರಿಯಬೇಕು, ಗೋಡೆಗೆ ಬ್ರಶ್ ಹಾಕಬೇಕು, ಮರಳಿನ ಫಿಲ್ಟರನ್ನು ಹಿಂದುಮುಂದು ತಿರುಗಿಸಿ ತೊಳೆಯಬೇಕು. ಸಣ್ಣ ಶೀಸೆಯಲ್ಲಿ ನೀರು ಹಿಡಿದು ಔಷಧದ ಹನಿ ಬಿಟ್ಟು ಬಣ್ಣ ನೋಡಬೇಕು. ಹಳದಿ ಬಂದರೂ ನನಗೆ ಗಾಬರಿ, ಗುಲಾಬಿ ಬಂದರೂ ಗಾಬರಿ. ಆಳದ ಕಡೆಗೆ ಹೋಗುವಾಗ ಟವೆಲ್ಲಿನ ಒಂದು ತುದಿಯನ್ನು ಸೊಂಟಕ್ಕೂ ಇನ್ನೊಂದನ್ನು ಅಲ್ಲಿದ್ದ ಬೇವಿನ ಗಿಡಕ್ಕೂ ಕಟ್ಟಿಕೊಳ್ಳುತ್ತಿದ್ದೆ. ಟವೆಲ್ಲು ಸಾಲದಾದಾಗ ಅಂಗಡಿಯಿಂದ ಧೋತರ ತಂದೆ. “ಅಂಗಳದಾಗ ಆಕಳಾ ಕಟ್ಟಿದಂಗ ಕಾಣ್ತೀರಿ” ಎಂದು ಸುನಂದಾ ಫೋಟೊ ತೆಗೆದು ತನ್ನ ತಂಗಿಯರಿಗೆಲ್ಲ ಕಳಿಸಿದಳು. ಕಳಿಸಲಿ. ಬದುಕಿದ್ದವನ ಫೋಟೊ ತಾನೇ?

ಆದರೆ ನನ್ನ ದೊಡ್ಡ ಚಿಂತೆ ಕೊಳದ್ದಾಗಿರಲಿಲ್ಲ, ಅವ್ವನದಾಗಿತ್ತು. ನಮ್ಮ ಕಡೆಯವರಿಗೆ ಭೂಕಂಪ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಅದು ಬಂದು ಸುತ್ತಲ ಹಳ್ಳಿಗಳ ಕಲ್ಲುಮಣ್ಣಿನ ಮನೆಗಳನ್ನು ನೆಲಕ್ಕೆ ಹಾಸಿತು. ಅವ್ವನ ತವರು ಮನೆಯೂ ಬಿತ್ತು, ಆಕೆಯ ತಂಗಿ ಅದರಡಿಯಲ್ಲಿ ಹೋದಳು. ಅಂದಿನಿಂದ ಅವ್ವ ಛಾವಣಿಯ ಕೆಳಗೆ ಮಲಗಲಿಲ್ಲ. ಊರೊಳಗಿನ ಹಳೆಯ ಮನೆಯ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿಸಿಕೊಂಡು, ಮಳೆ ಚಳಿ ಎನ್ನದೆ ವರ್ಷಗಟ್ಟಲೆ ಅಲ್ಲೇ ಮಂಚ ಹಾಕಿ ಮಲಗಿದಳು. ಎಷ್ಟು ಹೇಳಿದರೂ ಒಂದೇ ಮಾತು: “ನನಗ ಇಲ್ಲೇ ಛಲೋ ಅದ, ನೀವ್ ಮಲಗ್ರಿ.” ತಾಯಿ ಹೊರಗೆ ಚಳಿಯಲ್ಲಿರುವಾಗ ಒಳಗೆ ರಜಾಯಿ ಹೊದ್ದು ಮಲಗುವ ಮಗನ ಸಂಕಟವನ್ನು ಆಕೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ ನಾನೂ ಆಕೆಯ ಮಂಚದ ಪಕ್ಕ ಇನ್ನೊಂದು ಮಂಚ ಹಾಕಿಕೊಂಡೆ. ಹೊಸ ಮನೆ ಕಟ್ಟುವಾಗ ಮಹಾಲಿಂಗನಿಂದ ಪಿಲ್ಲರು, ಬೀಮು ಎಲ್ಲ ಗಟ್ಟಿ ಹಾಕಿಸಿ, ಒಂದೊಂದನ್ನೂ ಅವ್ವನಿಗೆ ಮುಟ್ಟಿಸಿ ತೋರಿಸಿದೆ. ಮೊದಲು ಇಲ್ಲಿಯೂ ಅಂಗಳದಲ್ಲೇ ಮಲಗುತ್ತಿದ್ದವಳು ಕಳೆದ ದೀಪಾವಳಿಗೆ ಒಳಗೆ ಬಂದಳು. ಅಂಗಳದ ಬಾಗಿಲಿಗೆ ಹತ್ತಿದ ಖೋಲಿ, ಬಾಗಿಲು ಸದಾ ತೆರೆದೇ ಇರಬೇಕೆಂಬ ಷರತ್ತು. ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ಅಂಗಡಿ ಹೇಳುವುದಿಲ್ಲ, ಮನೆ ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ. ಆದರೆ ಆಕೆಯ ಆ ಧೈರ್ಯ ಬಹಳ ತೆಳುವಾದದ್ದು, ಒಂದು ಪಾತ್ರೆ ಬಿದ್ದರೂ ಮುರಿದೀತು ಎಂದು ನನಗೆ ಹಗಲಿರುಳು ಅಂಜಿಕೆ.

ಬೇಸಿಗೆ ಬಂತು, ಕೊಳ ಕೆಟ್ಟಿತು. ಪಂಪು ಸುಟ್ಟು, ರಿಪೇರಿಯವನು ಇಂದು ನಾಳೆ ಎನ್ನುವಷ್ಟರಲ್ಲಿ ನೀರು ಹಸಿರಾಯಿತು. ಮೊದಲು ಎಳೆ ಹಸಿರು, ಆಮೇಲೆ ಪಾಲಕದ ಪಲ್ಯದ ಹಸಿರು. ನೀರು ತಿಳಿಯಾಗಲೆಂದು ಪಟಕ ಹಾಕಿದೆ, ಬ್ಲೀಚಿಂಗ್ ಹಾಕಿದೆ, ದೇವರ ಹೆಸರೂ ಹಾಕಿದೆ. ತಳ ಕಾಣದ ನೀರಿನೊಳಗೆ ಏನಿದೆಯೋ ಎಂಬ ಭಯದಲ್ಲಿ ನಾನು ಅಂಚಿಗೆ ಹೋಗುವುದನ್ನೇ ಬಿಟ್ಟೆ. ಕಪ್ಪೆಗಳು ಬಂದವು, ಕಪ್ಪೆಯ ಹಿಂದೆ ಬರುವವರು ಯಾರೆಂದು ಯೋಚಿಸಿ ಬೆವೆತೆ. ಸೊಳ್ಳೆ ಶುರುವಾದಾಗ ಸುನಂದಾ ಖಡಾಖಂಡಿತ ಹೇಳಿದಳು: “ಇದನ್ನ ಖಾಲಿ ಮಾಡ್ರಿ. ತಿಕ್ಕಿ ತೊಳೀರಿ. ಮಳಿಗಾಲಕ್ಕ ಹೊಸಾ ನೀರು ತುಂಬೂಣು. ನನ್ನ ಕಾಲು ಮತ್ತ ಹಿಡೀಲಿಕ್ಕ ಹತ್ಯಾವ.” ಮಹಾಲಿಂಗನಿಗೆ ಫೋನ್ ಮಾಡಿದೆ. ಅವನೂ ಅದನ್ನೇ ಹೇಳಿದ. “ಖಾಲಿ ಮಾಡ್ರಿ ದಾಜೀ, ಆದ್ರ ನೀರು ದೂರ ಬಿಡ್ರಿ. ಪೈಪ್ ಹಾಕಿ ರಸ್ತಾ ದಾಟಿಸಿ ಹಳ್ಳಕ್ಕ ಬಿಡ್ರಿ.” ಯಾಕೆ ದೂರ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ರಸ್ತೆ ದಾಟಿಸುವುದು ಎಂದೊಡನೆ ನನಗೆ ಇನ್ನೊಂದು ಹೆದರಿಕೆ ಶುರುವಾಯಿತು. ಮೇ ತಿಂಗಳ ಉಮರ್ಗಾ. ನಳದಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ಜ್ಯೋತಿಷಿಗೂ ಗೊತ್ತಿಲ್ಲದ ಕಾಲ. ನಮ್ಮ ರಸ್ತೆಯಲ್ಲೇ ಟ್ಯಾಂಕರು ನಿಲ್ಲುತ್ತದೆ, ಕೊಡಗಳ ಸಾಲು ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ನಾನು ದಪ್ಪ ಪೈಪು ಹಾಕಿ ಕೊಳದ ನೀರನ್ನು ಆ ಕೊಡಗಳ ಪಕ್ಕದಿಂದಲೇ ಹಳ್ಳಕ್ಕೆ ಹರಿಸಬೇಕೇ? ಆ ಹಸಿರು ನೀರು ಕುಡಿಯುವುದಕ್ಕಿರಲಿ, ಪಾತ್ರೆ ತೊಳೆಯುವುದಕ್ಕೂ ಬಾರದು. ಆದರೆ ದೂರದಿಂದ ನೋಡುವವರಿಗೆ ಬಣ್ಣ ಕಾಣುವುದಿಲ್ಲ, ಹರಿಯುವುದು ಮಾತ್ರ ಕಾಣುತ್ತದೆ. ಎದುರು ಮನೆಯಲ್ಲಿ ಶಿಂದೆ ಗುರೂಜಿ ಇದ್ದಾರೆ, ಮರಾಠಿ ಶಾಲೆಯ ನಿವೃತ್ತ ಮಾಸ್ತರರು. ದಿನವೆಲ್ಲ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಬೀದಿಗೆ ಹಾಜರಿ ಹಾಕುವವರು. ಪಂಪು ರಿಪೇರಿಯಾಗಿ ಬಂದದ್ದು ನೋಡಿದ ದಿನವೇ ಅವರು, “ಕಾಯ್ ಬಸವರಾಜ ಶೇಠ್, ಪಾಣೀ ಕುಠಂ ಸೋಡಣಾರ?” ಎಂದು ಕೇಳಿದರು. ನೀರು ಎಲ್ಲಿ ಬಿಡುತ್ತೀರಿ ಎಂದು ಸುಮ್ಮನೆ ವಿಚಾರಿಸಿದ್ದಿರಬಹುದು. ನನಗೆ ಮಾತ್ರ ಕಟಕಟೆಯಲ್ಲಿ ನಿಂತಂತಾಯಿತು. “ಕುಠಂಚ ನಾಹೀ ಗುರೂಜಿ,” ಎಲ್ಲಿಯೂ ಇಲ್ಲ ಎಂದು ಹೇಳಿ ಒಳಗೆ ಬಂದೆ. ಹೇಳಿದ ಮೇಲೆ ಆ ಮಾತನ್ನು ನಡೆಸಿಕೊಡಬೇಕಾಯಿತು.

ದಾರಿ ಹಿತ್ತಲಲ್ಲೇ ಇತ್ತು. ಕೊಳಕ್ಕೂ ಹಿಂದಿನ ಕಂಪೌಂಡಿಗೂ ನಡುವೆ ನಮ್ಮದೇ ಎರೆ ಭೂಮಿಯ ತುಂಡೊಂದು ಖಾಲಿ ಬಿದ್ದಿತ್ತು. ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಹೇಗೆ ಬಾಯಿ ಬಿಡುತ್ತದೆಂಬುದು ನಿಮಗೆ ಗೊತ್ತಿರಬಹುದು. ಬಿರುಕಿನಲ್ಲಿ ನನ್ನ ಕಾಲು ಮೊಣಕಾಲವರೆಗೆ ಇಳಿಯುತ್ತಿತ್ತು. ನನಗೆ ಒಂದು ಅದ್ಭುತ ಉಪಾಯ ಹೊಳೆಯಿತು. ಪೈಪಿನ ಬಾಯಿಯನ್ನು ಕೊಳದ ಪಕ್ಕದಲ್ಲೇ ಇದ್ದ ದೊಡ್ಡ ಬಿರುಕಿನೊಳಗೆ ತುರುಕಿದೆ. ಪಂಪಿನ ಸದ್ದು ಗುರೂಜಿಗೆ ಕೇಳಬಾರದೆಂದು ಸುನಂದಾಳಿಗೆ ಮಿಕ್ಸರಿನಲ್ಲಿ ಖಾರ ಪುಡಿ ಮಾಡಲು ಹೇಳಿದೆ. ವರ್ಷದ ಮೆಣಸಿನಕಾಯಿ ಹೇಗೂ ಒಣಗಿ ಕೂತಿತ್ತು. ಆಕೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಖಾರ ಅರೆದಳು, ನಾನು ಸೀನುತ್ತಾ ಪಂಪು ನಡೆಸಿದೆ. ಭೂಮಿ ನೀರು ಕುಡಿಯುತ್ತಲೇ ಹೋಯಿತು. ಮೇಲೆ ಒಂದು ಹನಿ ಕಾಣಿಸಲಿಲ್ಲ, ಕೆಸರಾಗಲಿಲ್ಲ, ಕಂಪೌಂಡಿನ ಆಚೆಗೆ ತೇವ ಕೂಡ ಹೋಗಲಿಲ್ಲ. ಒಂದು ಕೊಳದಷ್ಟು ನೀರನ್ನು ನಾನು ಯಾರ ಕಣ್ಣಿಗೂ ಬೀಳದಂತೆ ಮಾಯ ಮಾಡಿದ್ದೆ. ಅಂದು ಸಂಜೆ ಗುರೂಜಿಗೆ ಎದೆಯುಬ್ಬಿಸಿ ನಮಸ್ಕಾರ ಹೇಳಿದೆ.

ಖಾಲಿ ಕೊಳದೊಳಗೆ ಇಳಿದ ದಿನದ ಸುಖವನ್ನು ಮರೆಯಲಾರೆ. ಸರಳು ಹಿಡಿಯದೆ ಮೆಟ್ಟಿಲಿಳಿದೆ. ಆಳದ ಕಡೆಗೆ ಕೈ ಬೀಸಿಕೊಂಡು ನಡೆದೆ. ಅಲ್ಲೇ ನೆಲದ ಮೇಲೆ ಕುಳಿತು ಚಹಾ ತರಿಸಿ ಕುಡಿದೆ. ನನ್ನನ್ನು ಇಷ್ಟು ದಿನ ಕಾಡಿದ ಜಾಗ ಇದೇ ಏನು ಎಂದು ಟೈಲ್ಸಿಗೆ ಎರಡು ಏಟು ಹೊಡೆದೆ. ತಿಕ್ಕಿ ತೊಳೆದ ಮೇಲೆ ಕೊಳ ಫಳಫಳ ಹೊಳೆಯತೊಡಗಿತು. ಅವ್ವ ಮೇಲಿಂದ ನೋಡಿ, “ಈ ಹೌದ ಈಗ ಛಲೋ ಕಾಣ್ತದ ಬಸು. ಗಾಳಿ ಧೂಳ ಇಲ್ಲ, ಕಾಗಿ ಕಾಟ ಇಲ್ಲ, ನಾಲ್ಕೂ ಕಡಿಂದ ಬಿಸಲ. ಸಂಡಗಿ ಇಲ್ಲೇ ಹಾಕೂಣು” ಎಂದಳು. ಅತ್ತೆ ಸೊಸೆ ಇಬ್ಬರೂ ಒಂದೇ ಮಾತಿಗೆ ಬರುವುದು ಅಪರೂಪ, ಬಂದಾಗ ತಡೆಯುವವರಿಲ್ಲ. ಮರುದಿನವೇ ಕೊಳದ ತಳದ ತುಂಬ ಹಳೆಯ ಧೋತರ ಹಾಸಿ ಸಂಡಿಗೆ, ಹಪ್ಪಳ, ಶಾವಿಗೆ ಹರಡಿದರು. ಅವ್ವ ದಿನಕ್ಕೆ ಎಷ್ಟೋ ಸಲ ಸರಳು ಹಿಡಿದು ಇಳಿದು ಸಂಡಿಗೆ ಮಗುಚುತ್ತಿದ್ದಳು.

ಆಗ ನನಗೆ ಬಿರುಕು ಕಂಡಿತು. ಆಳದ ಕಡೆಯ ಗೋಡೆ ನೆಲಕ್ಕೆ ಕೂಡುವಲ್ಲಿ ಒಂದು ಸಣ್ಣ ಗೆರೆ. ಮೊದಲು ಕೂದಲೆಂದು ತಿಳಿದು ಊದಿದೆ, ಹೋಗಲಿಲ್ಲ. ಮರುದಿನ ಅದು ಟೈಲ್ಸಿನಿಂದ ಟೈಲ್ಸಿಗೆ ಮುಂದುವರಿದಿತ್ತು. ಕೊಳ ಒಡೆದರೆ ಒಡೆಯಲಿ, ಅವ್ವ ನೋಡಿದರೆ? ನೆಲ ಬಿರಿದ ಮನೆಯಲ್ಲಿ ಆಕೆ ಇನ್ನೊಂದು ದಿನ ಮಲಗುತ್ತಾಳೆಯೇ? ಅಷ್ಟು ಕಷ್ಟಪಟ್ಟು ಒಳಗೆ ಕರೆದುಕೊಂಡು ಬಂದದ್ದು ಒಂದು ಗೆರೆಯಿಂದ ಹಾಳಾಗಬೇಕೇ? ನಾನು ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೋಗಿ ಬಿರುಕಿನ ಮೇಲೆ ಧೋತರ ಹಾಸಿ, ಅದರ ಮೇಲೆ ನನ್ನ ಕೈಯಾರೆ ಸಂಡಿಗೆ ಜೋಡಿಸತೊಡಗಿದೆ. ಬಿರುಕು ಉದ್ದವಾದಂತೆ ಧೋತರವೂ ಉದ್ದವಾಯಿತು. ಅಂಗಡಿಗೆ ಹೋಗುವುದು ಬಿಟ್ಟು ಸಂಡಿಗೆ ಕಾಯುತ್ತ ಕೂತ ಗಂಡನನ್ನು ನೋಡಿ ಸುನಂದಾಳಿಗೆ ಅನುಮಾನ ಬಂದು, ಧೋತರ ಎತ್ತಿ ನೋಡಿದಳು. ಬಾಯಿ ಮೇಲೆ ಕೈಯಿಟ್ಟುಕೊಂಡಳು. “ಅತ್ತಿಯವರಿಗಿ ಹೇಳಬ್ಯಾಡ್ರಿ” ಎಂದು ಆಕೆಯೇ ಪಿಸುಗುಟ್ಟಿ, ಒಂದು ತಟ್ಟೆ ಶಾವಿಗೆ ತಂದು ಅದರ ಮೇಲೆ ಸುರಿದಳು. ನನ್ನ ವೈವಾಹಿಕ ಜೀವನದಲ್ಲಿ ಇಷ್ಟು ಒಗ್ಗಟ್ಟಿನ ಕೆಲಸ ಇನ್ನೊಂದು ನಡೆದಿಲ್ಲ.

ಅಷ್ಟರಲ್ಲಿ ಮಳೆಗಾಲಕ್ಕೆ ಮೊದಲಿನ ಗುಡುಗಿನ ಮಳೆ ಬಂತು. ಸಂಡಿಗೆ ಎಲ್ಲ ಒಳಗೆ ಸೇರಿತು, ರಾತ್ರಿಯೆಲ್ಲ ಸುರಿದು ಬೆಳಗ್ಗೆ ಬಿಸಿಲು ಬಿತ್ತು. ಮಧ್ಯಾಹ್ನ ನಾನು ನಡುಮನೆಯಲ್ಲಿ ಊಟಕ್ಕೆ ಕೂತಿದ್ದೆ. ಅವ್ವ ಅಡಿಗೆ ಮನೆಯಲ್ಲಿ ಊಟದ ತಟ್ಟೆ ಹಿಡಿದು ಕೂತಿದ್ದಳು. ಸುನಂದಾ ಮುಂದಿನ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆಗ ಮನೆಯ ಹಿಂದೆ, ಭೂಮಿಯೊಳಗಿನಿಂದ, ಢಬ್ ಎಂಬ ಸದ್ದು ಬಂತು. ಅದರ ಹಿಂದೆಯೇ ಏನೋ ಒಡೆಯುವ, ಚೂರಾಗುವ ಸದ್ದು. ಮುಂದೆ ನನ್ನ ದೇಹ ಏನು ಮಾಡಿತೆಂಬುದನ್ನು ನಾನು ಸುನಂದಾ ಹೇಳಿದ ಮೇಲೆಯೇ ತಿಳಿದದ್ದು. ಕೈಯಲ್ಲಿ ಅರ್ಧ ಜೋಳದ ರೊಟ್ಟಿ ಹಿಡಿದುಕೊಂಡು, ಅಂಗಳ ದಾಟಿ, ಹೆಂಡತಿಯ ಪಕ್ಕದಿಂದ ಹೋಗಿ, ಗೇಟು ತೆರೆಯದೆ ಹಾರಿ, ರಸ್ತೆ ದಾಟಿ ಗುರೂಜಿಯ ಕುರ್ಚಿಯ ಹಿಂದೆ ನಿಂತಿದ್ದೆನಂತೆ. ಗೇಟು ನನ್ನ ಎದೆಮಟ್ಟಕ್ಕಿದೆ. ಆಮೇಲೆ ಎಷ್ಟೋ ಸಲ ಹೋಗಿ ಅದರ ಮುಂದೆ ನಿಂತು ನೋಡಿದ್ದೇನೆ, ಹೇಗೆ ಹಾರಿದೆನೋ ಈಗಲೂ ಬಗೆಹರಿದಿಲ್ಲ.

ಬಯಲಿನಲ್ಲಿ ನಿಂತು ಉಸಿರು ತೆಗೆದುಕೊಂಡಾಗ ಅವ್ವನ ನೆನಪಾಯಿತು. ಆ ಕ್ಷಣದ ಭಯವನ್ನು ನಗೆ ಮಾಡಿ ಹೇಳಲು ನನ್ನಿಂದ ಆಗುವುದಿಲ್ಲ. ಅದೇ ಗೇಟನ್ನು ಈಗ ತೆರೆದುಕೊಂಡೇ ಓಡಿ ಬಂದೆ. ಹೊಸ್ತಿಲ ಬಳಿ ನಿಂತು, “ಅವ್ವಾ, ಹೊರಗ ಬಾ! ಲಗೂ ಬಾ!” ಎಂದು ಕಿರುಚಿದೆ. ಒಂದು ಕಾಲನ್ನು ಒಳಗಿಟ್ಟೆ. ಅಷ್ಟರಲ್ಲಿ ಅಡಿಗೆ ಮನೆಯಿಂದ ತಟ್ಟೆ ತೊಳೆಯುವ ಸದ್ದು ಕೇಳಿತು, ಇಟ್ಟ ಕಾಲನ್ನು ಹಿಂದೆ ತೆಗೆದೆ. ಊಟ ಮುಗಿಸಿ, ಕೈ ತೊಳೆದು, ಸೆರಗಿಗೆ ಕೈ ಒರೆಸುತ್ತಾ ಅವ್ವ ಸಾವಕಾಶವಾಗಿ ಬಂದಳು.

“ಯಾಕೋ ಹಿಂಗ ಚೀರ್ತಿ?”

“ಭೂಕಂಪ ಅವ್ವಾ! ಸದ್ದು ಕೇಳಲಿಲ್ಲೇನು?”

“ಸದ್ದು ಕೇಳ್ತು. ಭೂಕಂಪ ಅಲ್ಲ ಅದು,” ಎಂದಳು ಅವ್ವ. “ಭೂಮಿ ನಡುಗಿದ್ರ ಮೊದಲ ಗ್ವಾಡಿ ಮಾಡದಾಗ ಇಟ್ಟ ಬೋಗಾಣಿ ಪಾತ್ರಿ ಖಣಖಣ ಬಾರಸ್ತಾವ. ಒಂದರ ಬಾರಿಸ್ತೇನು? ನಾ ಅವನ್ನ ನೋಡಕೋತ ಕುಂತಿದ್ದೆ. ಹಿತ್ತಲದಾಗ ಏನೋ ಬಿದ್ದದ ನೋಡ ನಡಿ.”

ಬಿದ್ದಿರಲಿಲ್ಲ, ಎದ್ದಿತ್ತು. ಕೊಳದ ಆಳದ ಕಡೆಯ ನೆಲ ಎಣ್ಣೆಯಲ್ಲಿ ಬಿಟ್ಟ ಪೂರಿಯಂತೆ ಉಬ್ಬಿ ಮೇಲೆ ಬಂದಿತ್ತು. ಟೈಲ್ಸುಗಳು ಸಿಡಿದು ಚದುರಿದ್ದವು. ನಾನು ಅಷ್ಟು ದಿನ ಸಂಡಿಗೆಯಡಿ ಮುಚ್ಚಿಟ್ಟ ಬಿರುಕು ಬಾಯಿ ತೆರೆದು ನಿಂತಿತ್ತು. ಅವ್ವ ಕಟ್ಟೆಯ ಮೇಲೆ ಕುಳಿತು ಕೊಳವನ್ನೂ ಪಕ್ಕದ ಒದ್ದೆ ಎರೆಯನ್ನೂ ನನ್ನ ಮುಖವನ್ನೂ ನೋಡಿದಳು. “ನೀರು ಎಲ್ಲಿ ಬಿಟ್ಟಿದ್ದಿ?” ಎಂದು ಕೇಳಿದಳು. ಗುರೂಜಿ ಕೇಳಿದ ಪ್ರಶ್ನೆಯೇ, ಆದರೆ ಇಲ್ಲಿ ಎಲ್ಲಿಯೂ ಇಲ್ಲ ಎನ್ನುವಂತಿರಲಿಲ್ಲ. ಬೆರಳು ಮಾಡಿ ತೋರಿಸಿದೆ. “ಎರಿ ಹೊಲದ ಮಂದಿ ಮನ್ಯಾಗ ಹುಟ್ಟಿ, ಎರಿ ನೀರು ಕುಡುದ್ರ ಉಬ್ಬತದ ಅಂಬೂದ್ ಗೊತ್ತಿಲ್ಲೇನೋ ನಿನಗ? ಅರಬಿ-ಬಟ್ಟಿ ಅಂಗಡ್ಯಾಗ ಕುಂತು ಕುಂತು ಹಿಂಗಾಗೀದಿ” ಎಂದು ಅವ್ವ ತಲೆ ಚಚ್ಚಿಕೊಂಡಳು. ಮರುದಿನ ಮಹಾಲಿಂಗ ಬಂದು ಅದನ್ನೇ ಹೆಚ್ಚು ಮಾತಿನಲ್ಲಿ ಹೇಳಿದ. ಖಾಲಿ ಕೊಳ ಹಗುರ. ಪಕ್ಕದ ಮಣ್ಣು ನೀರು ಕುಡಿದು ಉಬ್ಬಿ, ಮೇಲೆ ಮಳೆಯ ನೀರೂ ಸೇರಿ, ಕೆಳಗಿನಿಂದ ಒತ್ತಿದೆ. ಮನೆಗೆ ಏನೂ ಆಗಿಲ್ಲ, ಪಿಲ್ಲರುಗಳು ಎರೆಯ ಕೆಳಗಿನ ಗಟ್ಟಿ ಮುರುಮಿನ ನೆಲದಲ್ಲಿ ಕೂತಿವೆ. “ದೂರ ಬಿಡ್ರಿ ಅಂದಿದ್ದೆ ದಾಜೀ. ನೆಲ ಒಡದು ಹೊಸದಾಗಿ ಹಾಕ್ತೀನಿ. ಆಮ್ಯಾಲ ತುಂಬಿಸೇ ಇಡ್ರಿ. ತುಂಬಿದ್ರನ ಅದು ಸುಮ್ಮ ಕೂಡ್ತದ.” ನೀರಿಗೆ ಹೆದರುವವನಿಗೆ ಸಿಕ್ಕ ಪರಿಹಾರವೆಂದರೆ ನೀರನ್ನು ಎಂದೂ ಖಾಲಿ ಮಾಡಬಾರದೆಂಬುದು.

ಆದರೆ ಅವನು ಬರುವುದಕ್ಕೆ ಮೊದಲಿನ ಸಂಜೆಯ ಮಾತೊಂದು ಉಳಿದಿದೆ. ಇನ್ನು ಅವ್ವ ಒಳಗೆ ಮಲಗುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಆಕೆ ಬಾಯಿ ಬಿಟ್ಟು ಕೇಳುವ ಮೊದಲೇ ಹಳೆಯ ಮಂಚವನ್ನು ಹೊರಗೆ ತಂದು ಅಂಗಳದಲ್ಲಿ ಹಾಕಿದೆ. ಗಾದಿ ಹಾಸುತ್ತಿದ್ದಾಗ ನನ್ನ ಕಣ್ಣು ತುಂಬಿ ಬಂದದ್ದು ನಿಜ. ಅವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಇದು ಯಾರಿಗೆ?”

“ನಿನಗ ಅವ್ವಾ.”

“ನನಗ್ಯಾಕ? ನನ್ನ ಹಾಸಗಿ ಹಿಂದಿನ ಖೋಲ್ಯಾಗ ಹಾಕಂತ ಸೊಸಿಗಿ ಹೇಳೀನಿ. ಈ ಬಾಗಿಲ ಖೋಲ್ಯಾಗ ಗಾಳಿ ಭಾಳ ಬರ್ತದ.”

ಹಿಂದಿನ ಖೋಲಿ ಎಂದರೆ ಮನೆಯ ಕಟ್ಟಕಡೆಯ ಕೋಣೆ. ನಾನು ಗಾದಿ ಹಾಸುವುದನ್ನು ಬಿಟ್ಟು ಮಂಚದ ಮೇಲೆ ಕುಳಿತೆ. ಅವ್ವ ನನ್ನ ಪಕ್ಕ ಕುಳಿತಳು.

“ನಾ ಇಷ್ಟ್ ವರ್ಷ ಹೊರಗ ಯಾಕ ಮಲಗಿದ್ದೆ ಅಂತ ತಿಳಕೊಂಡಿ? ನನ್ನ ಜೀವದ್ ಅಂಜಿಕಿಲೆ ಅಂತ? ನನ್ನ ಜೀವದ್ದೇನೋ. ನನ್ನ ತಂಗಿ ಆವತ್ತ ಹೊರಗ ಬಂದಿದ್ಳು, ಬಸು. ಅಂಗಳದಾಗ ನಿಂತಿದ್ಳು, ಉಳದಿದ್ಳು. ನಮ್ಮವ್ವ ಒಳಗ ಅದಾಳಂತ ತಿರುಗಿ ಹೋದ್ಳು. ನಮ್ಮವ್ವ ಹಿತ್ತಲ ಬಾಗಿಲಿಂದ ಮೊದಲ ಹೊರಗ ಬಿದ್ದಿದ್ಳು. ಈಕಿ ಒಳಗ ಹೋದಾಕಿ ಬರಲಿಲ್ಲ. ನಮ್ಮವ್ವ ಸಾಯೂ ತನಕ ಅದನ್ನ ಹೇಳಕೋತ ಅತ್ಳು.” ಅವ್ವ ಗಾದಿಯ ಸುಕ್ಕನ್ನು ಕೈಯಿಂದ ಸರಿಮಾಡಿದಳು. “ನೀನೂ ಹಂಗ ಮಾಡಾವ ಅಂತ ನನಗ ಅಂಜಿಕಿ ಇತ್ತು. ಸಣ್ಣಾವಿದ್ದಾಗಿಂದ ನನ್ನ ಸೆರಗ ಬಿಟ್ಟಾವ ಅಲ್ಲ ನೀ. ನಾ ಹೊರಗ ಇದ್ರ ನೀ ಒಳಗ ಓಡಿ ಬರೂ ಕೆಲಸ ಇಲ್ಲಲ, ಅದಕ್ಕ ಹೊರಗ ಮಲಗಿದ್ದೆ. ಈಗ ನೋಡು, ಸೊಸಿ ಹೇಳಿದ್ಳು. ಗೇಟ್ ಹಾರಿದಿ ಅಂತ. ಗುರೂಜಿ ಮನಿ ತನಕ ಹ್ವಾದಿ ಅಂತ. ತಿರುಗಿ ಸುದ್ದಾ ನೋಡಲಿಲ್ಲಂತ. ಆಮ್ಯಾಲ ನನ್ನ ಕರದದ್ದೂ ಹೊಸ್ತಿಲ ಹೊರಗ ನಿಂತು.” ಆಕೆ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. “ಭಾಳ ಛಲೋ ಮಾಡಿದಿ ನನ್ನಪ್ಪಾ. ಇನ್ನ ನನಗ ಯಾವ ಚಿಂತಿನೂ ಇಲ್ಲ.”

“ಅವ್ವಾ, ನಾ ತಿರುಗಿ...” ಎಂದು ಶುರು ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಸುನಂದಾ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೆ.

ಅಂದಿನಿಂದ ಅವ್ವ ಹಿಂದಿನ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ, ಗೊರಕೆ ನಡುಮನೆಗೆ ಕೇಳುತ್ತದೆ. ನಾನು ಗೇಟು ಹಾರಿದ ಕಥೆಯನ್ನು ಆಕೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಾಳೆ. ಉದಗೀರದಿಂದ ಬರುವ ನೆಂಟರು ಗೇಟಿನ ಮುಂದೆ ನಿಂತು ನನ್ನನ್ನೂ ಗೇಟನ್ನೂ ಅಳೆದು ನೋಡಿ ಚಹಾ ಕುಡಿದು ಹೋಗುತ್ತಾರೆ. ಹೊಸ್ತಿಲೊಳಗೆ ನಾನು ಒಂದು ಕಾಲಿಟ್ಟಿದ್ದೆನೆಂಬುದು ಸುನಂದಾಳಿಗೆ ಗೊತ್ತು, ಈಗ ನಿಮಗೆ ಗೊತ್ತು. ಇನ್ನೊಂದು ಕಾಲು ಏನು ಮಾಡುತ್ತಿತ್ತೋ ನನಗೂ ಗೊತ್ತಿಲ್ಲ. ನೀವು ಯಾವಾಗಲಾದರೂ ಉಮರ್ಗಾಕ್ಕೆ ಬಂದು ಅವ್ವನನ್ನು ಕಂಡರೆ ದಯವಿಟ್ಟು ಆ ಕಾಲಿನ ಮಾತು ತೆಗೆಯಬೇಡಿ. ನಿಮ್ಮ ಮಗನಂಥ ಪುಕ್ಕಲನನ್ನು ನಾವು ಎಲ್ಲಿಯೂ ಕಂಡಿಲ್ಲ ಎಂದಷ್ಟೇ ಹೇಳಿ.